ಮೌನದ ಅರ್ಥಭೇದಗಳು: ದುರ್ಗಸೀಮೆಯ ಕೆಲವು ಸಾಕ್ಷ್ಯಗಳು

‘ಈ ವಿಷಯದಲ್ಲಿ ಶಾಸನಗಳು ಮೌನ ವಹಿಸಿವೆ’ ಎಂಬುದು ಕನ್ನಡ ಸಂಶೋಧನ ಬರೆಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ವಾಕ್ಯ. ಆಧಾರ ದೊರೆಯದ ಎಡೆಯಲ್ಲಿ ವಿದ್ವಾಂಸರು ಈ ವಾಕ್ಯವನ್ನು ಬರೆದು ಮುಂದೆ ಸಾಗುತ್ತಾರೆ. ಆದರೆ ಮೌನ ವಹಿಸುವುದೆಂದರೆ ಮಾತನಾಡಬಲ್ಲವನು ಮಾತನಾಡದೆ ಇರುವುದು. ಕಲ್ಲು ಸವೆದು ಅಕ್ಷರ ಅಳಿದಿದ್ದರೆ, ಅಕ್ಷರವಿದ್ದೂ ಲಿಪಿ ಬಲ್ಲವರು ಇಲ್ಲವಾಗಿದ್ದರೆ, ಬರೆಯಿಸಿದವರ ಪದ್ಧತಿಯಲ್ಲಿ ಒಬ್ಬರ ಮಾತಿಗೆ ಎಡೆಯೇ ಇರದಿದ್ದರೆ, ಹೇಳಬೇಕಾಗಿದ್ದ ಜನರನ್ನೇ ನೆಲದಿಂದ ಎಬ್ಬಿಸಿ ಒಯ್ದಿದ್ದರೆ, ಅವೆಲ್ಲವೂ ಮೌನವೆಂಬ ಒಂದೇ ಶಬ್ದಕ್ಕೆ ಸಲ್ಲುವುದಿಲ್ಲ. ಈ ಭೇದವನ್ನು ಮರೆತಾಗ ಇತಿಹಾಸದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ದಾಖಲೆ ಇಲ್ಲದ್ದನ್ನು ‘ಇರಲೇ ಇಲ್ಲ’ ಎಂದು ತೀರ್ಮಾನಿಸುವುದು ಒಂದು. ದಾಖಲೆಯ ಬರಿದನ್ನು ಸಂಶೋಧಕನು ತನ್ನ ಮಾತಿನಿಂದ ತುಂಬುವುದು ಇನ್ನೊಂದು. ಚಿತ್ರದುರ್ಗ ಜಿಲ್ಲೆಯ ಬಂಡೆ, ಕೋಟೆ, ಕೆರೆ ಮತ್ತು ಬಸದಿಗಳ ಆಧಾರದಿಂದ ಈ ಭೇದಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಬ್ದವಿಚಾರ

‘ಮೌನ’ವು ‘ಮುನಿ’ ಶಬ್ದದಿಂದ ಹುಟ್ಟಿದ ಭಾವನಾಮ. ಮುನಿಯ ಇರವೇ ಮೌನ. ಬಾಯಿ ಮುಚ್ಚಿಕೊಳ್ಳುವುದು ಅದರ ಒಂದು ಅಂಗ ಮಾತ್ರ. ಅಚ್ಚಗನ್ನಡದ ‘ಸುಮ್ಮನೆ’ ಎಂಬ ಅವ್ಯಯದ ಹರವು ಬೇರೆ. ‘ಸುಮ್ಮನೆ ಕುಳಿತ’ ಎಂದರೆ ಸದ್ದಿಲ್ಲದೆ ಕುಳಿತ, ‘ಸುಮ್ಮನೆ ಬಂದೆ’ ಎಂದರೆ ಕಾರಣವಿಲ್ಲದೆ ಬಂದೆ, ‘ಸುಮ್ಮನೆ ಬರುತ್ತದೆಯೇ?’ ಎಂದರೆ ಶ್ರಮವಿಲ್ಲದೆ, ಬೆಲೆ ತೆರದೆ ಬರುತ್ತದೆಯೇ ಎಂದು ಅರ್ಥ. ಹಳಗನ್ನಡದ ‘ಉಸಿರ್’ ಧಾತುವಿಗೆ ಉಸಿರಾಡು ಎಂಬಂತೆ ನುಡಿ ಎಂಬ ಅರ್ಥವೂ ಉಂಟು. ಉಸಿರುವುದು ಬದುಕಿರುವುದರ ಗುರುತು, ಹೇಳುವುದರ ಗುರುತೂ ಹೌದು. ಇಂದಿಗೂ ‘ಈ ಮಾತನ್ನು ಯಾರಿಗೂ ಉಸುರಬೇಡ’ ಎಂಬ ಬಳಕೆಯಲ್ಲಿ ಆ ಅರ್ಥ ಉಳಿದಿದೆ.

ನಿಶ್ಚಲತೆಯನ್ನು ಹೇಳುವ ‘ನಿಲ್’ ಧಾತು ಇನ್ನೂ ಕುತೂಹಲಕರವಾದುದು. ‘ಮಳೆ ನಿಂತಿತು’ ಎಂದರೆ ಮಳೆ ಇಲ್ಲವಾಯಿತು. ‘ಕೆರೆಯಲ್ಲಿ ನೀರು ನಿಂತಿತು’ ಎಂದರೆ ನೀರು ಉಳಿಯಿತು. ‘ಬಸದಿ ನಿಂತಿದೆ’ ಮತ್ತು ‘ಪೂಜೆ ನಿಂತಿದೆ’ ಎಂಬ ಎರಡು ವಾಕ್ಯಗಳಲ್ಲಿ ಕ್ರಿಯಾಪದ ಒಂದೇ. ಮೊದಲನೆಯದು ಉಳಿವನ್ನೂ ಎರಡನೆಯದು ಅಳಿವನ್ನೂ ಹೇಳುತ್ತದೆ. ಕರ್ತೃ ಯಾವುದೆಂದು ತಿಳಿಯದೆ ಈ ಪದದ ಅರ್ಥ ತೀರ್ಮಾನವಾಗದು. ಮೌನವನ್ನು ಕುರಿತ ಐತಿಹಾಸಿಕ ವಿಚಾರಕ್ಕೂ ಈ ವ್ಯಾಕರಣವೇ ದಾರಿ. ಸದ್ದಿಲ್ಲದಿರುವುದು ಯಾರು, ಏಕೆ, ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಬೇಕು.

ವ್ರತವಾದ ಮೌನ

ಈ ಮೂರು ಪ್ರಶ್ನೆಗಳಿಗೂ ಸ್ಪಷ್ಟವಾದ ಉತ್ತರವಿರುವುದು ಶ್ರಮಣ ಪರಂಪರೆಯ ಮೌನದಲ್ಲಿ. ಜೈನ ಆಚಾರಶಾಸ್ತ್ರವು ಮುನಿಗೆ ಐದು ಸಮಿತಿಗಳನ್ನೂ ಮೂರು ಗುಪ್ತಿಗಳನ್ನೂ ವಿಧಿಸಿ, ಈ ಎಂಟನ್ನು ಪ್ರವಚನಮಾತೃಕೆಗಳೆಂದು ಕರೆಯುತ್ತದೆ. ಸಮಿತಿಗಳಲ್ಲಿ ಭಾಷಾಸಮಿತಿ ಒಂದು. ಗುಪ್ತಿಗಳಲ್ಲಿ ವಚನಗುಪ್ತಿ ಒಂದು. ಹಿತವಾಗಿ, ಮಿತವಾಗಿ ನುಡಿಯುವುದು ಮೊದಲನೆಯದಾದರೆ ನುಡಿಯನ್ನು ತಡೆಹಿಡಿಯುವುದು ಎರಡನೆಯದು. ಮಾತಿನ ಹೊಣೆಯನ್ನು ಅರಿತವನ ಸಂಯಮಕ್ಕೆ ಮಾತ್ರ ಗುಪ್ತಿ ಎಂಬ ಹೆಸರು ಸಲ್ಲುತ್ತದೆ. ಅಂಜಿಕೆಯಿಂದ, ಅಸಹಾಯಕತೆಯಿಂದ ಅಥವಾ ಕಪಟದಿಂದ ಬಾಯಿ ಮುಚ್ಚಿದವನು ಗುಪ್ತಿಯನ್ನು ಪಾಲಿಸಿದಂತಾಗುವುದಿಲ್ಲ. ಅಲ್ಲಿರಬೇಕಾದುದು ವಿವೇಕಪೂರ್ವಕವಾದ ನಿಗ್ರಹ.

ಈ ಮೌನಕ್ಕೆ ಅವಧಿಯೂ ಉಂಟು. ದಿಗಂಬರ ಪರಂಪರೆಯ ಪ್ರಕಾರ ಮಹಾವೀರನಿಗೆ ಕೇವಲಜ್ಞಾನ ಉಂಟಾದ ಮೇಲೂ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ. ಆ ನುಡಿಯನ್ನು ಗ್ರಹಿಸಿ ಹೇಳಬಲ್ಲ ಗಣಧರನು ಇರಲಿಲ್ಲವೆಂಬುದು ಅದಕ್ಕೆ ಕಾರಣ. ಇಂದ್ರಭೂತಿ ಗೌತಮನು ಬಂದ ಬಳಿಕ, ರಾಜಗೃಹದ ವಿಪುಲಾಚಲದಲ್ಲಿ ಮೊದಲ ಉಪದೇಶ ಹೊಮ್ಮಿತು. ಹೇಳುವವನಲ್ಲಿ ಕೊರತೆ ಇಲ್ಲದಿದ್ದರೂ ಕೇಳುವವನಿಲ್ಲದೆ ಮಾತು ಪೂರ್ಣವಾಗುವುದಿಲ್ಲ ಎಂಬ ತಿಳಿವು ಈ ಕಥನದಲ್ಲಿದೆ. ಬಾಹುಬಲಿಯ ಒಂದು ವರ್ಷದ ಪ್ರತಿಮಾಯೋಗವೂ ಹೀಗೆಯೇ ಅವಧಿಯುಳ್ಳದ್ದು. ಹುತ್ತ ಬೆಳೆದು ಬಳ್ಳಿ ಹಬ್ಬಿದರೂ ಅಲುಗದ ಆ ದೇಹದ ಒಳಗೆ ಕಷಾಯದೊಡನೆ ಹೋರಾಟ ನಡೆದೇ ಇತ್ತೆಂದು ಪುರಾಣಗಳು ಹೇಳುತ್ತವೆ. ಹೊರಗಿನ ನಿಶ್ಚಲತೆಯು ಒಳಗಿನ ಶಾಂತಿಯ ಪ್ರಮಾಣವಲ್ಲವೆಂಬ ಎಚ್ಚರ ಅಲ್ಲಿಯೇ ಇದೆ.

ಬಸದಿಯ ಹೊಸ್ತಿಲಲ್ಲಿ ಶ್ರಾವಕರು ಮೂರು ಬಾರಿ ಉಚ್ಚರಿಸುವ ‘ನಿಸ್ಸಹಿ’ ಎಂಬ ನುಡಿ, ಲೌಕಿಕ ವ್ಯಾಪಾರವನ್ನು ಹೊರಗೆ ಬಿಟ್ಟು ಒಳಗೆ ಕಾಲಿಡುವುದರ ಸೂಚನೆ. ಸಲ್ಲೇಖನದಿಂದ ಮುಡಿಪಿದವರ ನೆನಪಿಗೆ ನಿಲ್ಲಿಸಿದ ಕಲ್ಲನ್ನು ಕನ್ನಡ ಶಾಸನಗಳು ‘ನಿಸಿಧಿ’ ಎನ್ನುತ್ತವೆ. ಮೌನವನ್ನು ವ್ರತವಾಗಿ ಕೈಗೊಂಡ ಪರಂಪರೆಯೇ ಆ ಮೌನ ಯಾರದು, ಯಾವ ದಿನದ್ದು ಎಂಬುದನ್ನು ಕಲ್ಲಿನಲ್ಲಿ ಬರೆದಿಟ್ಟಿತು ಎಂಬುದು ಗಮನಾರ್ಹ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿಧಿಗಳು ಇದಕ್ಕೆ ದೊಡ್ಡ ನಿದರ್ಶನ. ವ್ರತಮೌನವು ಹೀಗೆ ತನ್ನ ಸಾಕ್ಷ್ಯವನ್ನು ತಾನೇ ಉಳಿಸುತ್ತದೆ. ಉಳಿದ ಬಗೆಯ ನಿಶ್ಶಬ್ದಗಳಿಗೆ ಈ ಭಾಗ್ಯವಿಲ್ಲ. ಅವುಗಳನ್ನು ಅರಿಯಲು ದುರ್ಗಸೀಮೆಯ ಕಡೆಗೆ ತಿರುಗಬೇಕು.

ಓದುಗನಿಲ್ಲದ ಅಕ್ಷರ

ಚಿತ್ರದುರ್ಗ ಜಿಲ್ಲೆಯ ಉತ್ತರ ಭಾಗದಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಆಜ್ಞೆ ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂದು ಹೇಳುತ್ತದೆ. ಬರೆದ ಲಿಪಿಕಾರ ಚಪಡನು ತನ್ನ ವೃತ್ತಿಯನ್ನು ಹೇಳುವ ಪದವನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಜನರಿಗೆ ತಲುಪಲೆಂದೇ ಹೊರಟ ಮಾತು ಅದು.

ಕಾಲಾಂತರದಲ್ಲಿ ಬ್ರಾಹ್ಮೀ ಲಿಪಿಯನ್ನು ಓದುವ ಅರಿವು ಅಳಿಯಿತು. ಬ್ರಹ್ಮಗಿರಿಯ ಬಂಡೆಯನ್ನು ಸುತ್ತಲಿನ ಜನ ‘ಅಕ್ಷರಗುಂಡು’ ಎಂದು ಕರೆದರು. ಈ ಹೆಸರು ಬಹಳ ಅರ್ಥಪೂರ್ಣವಾದುದು. ಅಲ್ಲಿ ಅಕ್ಷರವಿದೆಯೆಂದು ಜನರಿಗೆ ಗೊತ್ತಿತ್ತು. ಅದು ಏನು ಹೇಳುತ್ತದೆಂಬುದು ಗೊತ್ತಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅಶೋಕನ ಬ್ರಾಹ್ಮಿಯನ್ನು ಓದಿದ್ದರಿಂದ, 1892ರಲ್ಲಿ ಬಿ.ಎಲ್. ರೈಸ್ ಈ ಶಾಸನಗಳನ್ನು ಪತ್ತೆಹಚ್ಚಿದಾಗ ಕಲ್ಲು ಕೂಡಲೇ ಮಾತಾಡಿತು. ಶತಮಾನಗಳ ಈ ನಿಶ್ಶಬ್ದದಲ್ಲಿ ಕಲ್ಲಿನ ಪಾಲು ಏನೂ ಇಲ್ಲ. ಕೊರತೆ ಇದ್ದುದು ಕೇಳುವವರ ಕಡೆಯಲ್ಲಿ. ಗಣಧರನಿಗಾಗಿ ಕಾದ 66 ದಿನಗಳ ಕಥೆಯನ್ನು ಬಲ್ಲವರಿಗೆ ಈ ಪ್ರಸಂಗ ಹೊಸತೆನಿಸದು. ಶಾಸನ ಮೌನವಾಗಿದೆ ಎಂದು ಬರೆಯುವ ಮುನ್ನ ಅದನ್ನು ಓದುವ ವಿದ್ಯೆ ತನ್ನಲ್ಲಿದೆಯೇ ಎಂದು ಸಂಶೋಧಕನು ಕೇಳಿಕೊಳ್ಳಬೇಕೆಂಬುದು ಅಕ್ಷರಗುಂಡಿನ ಪಾಠ.

ಸವೆದ ಕಲ್ಲು, ತುಂಬಿದ ಮಾತು

ಚಿತ್ರದುರ್ಗದ ಬೆಟ್ಟಗಳ ನಡುವಿನ ಚಂದ್ರವಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಪ್ರಸಂಗ ಕಾಣುತ್ತದೆ. ಶಾತವಾಹನರ ಕಾಲದ ನೆಲೆಯಾಗಿ, ರೋಮನ್ ನಾಣ್ಯಗಳು ದೊರೆತ ಸ್ಥಳವಾಗಿ ಇದು ಪ್ರಸಿದ್ಧ. ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯೊಂದಿಗೆ ಈ ನೆಲೆಯನ್ನೂ ಅಗೆಸಿದರು. ಇಲ್ಲಿನ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಮೂರೇ ಸಾಲು. ಕದಂಬರ ಮಯೂರಶರ್ಮನು ತಟಾಕವೊಂದನ್ನು ನಿರ್ಮಿಸಿದನೆಂಬುದು ಅದರ ತಿರುಳು.

1929ರ ಮೈಸೂರು ಪುರಾತತ್ವ ವರದಿಯಲ್ಲಿ ಕೃಷ್ಣ ಅವರು ಈ ಸವೆದ ಸಾಲುಗಳಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸಯಿಂದಕ, ಪುಣಾಟ, ಮೋಕರಿ ಎಂಬ ಹೆಸರುಗಳನ್ನು ಓದಿದರು. ಈ ಓದಿನಂತೆ ಮಯೂರಶರ್ಮನು ದಖ್ಖನಿನ ಆಚೆಗೂ ಕೈಚಾಚಿದ ದಿಗ್ವಿಜಯಿ. ನಂತರದ ಶಾಸನತಜ್ಞರು ಈ ಓದನ್ನು ಪ್ರಶ್ನಿಸಿದರು. ಸವೆದ ಕಲ್ಲಿನಲ್ಲಿ ಅಷ್ಟು ಹೆಸರುಗಳು ಖಚಿತವಾಗಿ ಕಾಣುತ್ತವೆಯೇ ಎಂಬ ಸಂದೇಹ ಬಲವಾಯಿತು. ಆದರೂ ಆ ಪಟ್ಟಿ ಅನೇಕ ಪಠ್ಯಗಳಲ್ಲಿ ನಿಶ್ಚಿತ ಸಂಗತಿಯೆಂಬಂತೆ ಮುಂದುವರಿದಿದೆ.

ಇಲ್ಲಿ ಪಣಕ್ಕಿರುವುದು ಸಣ್ಣ ಸಂಗತಿಯಲ್ಲ. ಪಟ್ಟಿಯನ್ನು ಒಪ್ಪಿದರೆ ಕನ್ನಡದ ಮೊದಲ ರಾಜವಂಶದ ಸ್ಥಾಪಕನು ಚಕ್ರವರ್ತಿಯಂತೆ ತೋರುತ್ತಾನೆ. ಬಿಟ್ಟರೆ ಒಣನೆಲದಲ್ಲಿ ಕೆರೆ ಕಟ್ಟಿಸಿದ ದೊರೆಯಾಗಿ ಉಳಿಯುತ್ತಾನೆ. ಕಂಚಿಯ ಘಟಿಕೆಗೆ ಓದಲು ಹೋಗಿ, ಪಲ್ಲವ ರಾವುತನೊಡನೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಅವನ ಕಥೆಯನ್ನು ಮುಂದಿನ ಶತಮಾನದಲ್ಲಿ ಕವಿ ಕುಬ್ಜನು ತಾಳಗುಂದದ ಸ್ತಂಭದ ಮೇಲೆ ವಿಸ್ತಾರವಾಗಿ ಹೇಳಿದನು. ತಾಳಗುಂದ ವಾಚಾಳಿ, ಚಂದ್ರವಳ್ಳಿ ಮಿತಭಾಷಿ. ಮಿತಭಾಷಿಯ ಬಾಯಲ್ಲಿ ವಾಚಾಳಿಯ ಮಾತನ್ನು ಕೇಳುವ ಆಸೆ ಯಾವ ನಾಡಿನ ಅಭಿಮಾನಿಗೂ ಸಹಜ. ಸವೆದ ಅಕ್ಷರವನ್ನು ಸವೆದುದೆಂದೇ ಬರೆಯುವುದು ಸಂಶೋಧನೆಯ ಭಾಷಾಸಮಿತಿ. ಕೆರೆಯ ಸಂಗತಿ ಮಾತ್ರ ಎರಡೂ ಪಕ್ಷಗಳಿಗೆ ಸಮ್ಮತವಾಗಿ ಉಳಿದಿದೆ.

ಬಿನ್ನಹದ ಹಿಂದಿನ ಧ್ವನಿ

ಹೊಸದುರ್ಗ ತಾಲ್ಲೂಕಿನ ನೀರಗುಂದವನ್ನು ಗಂಗರ ಕಾಲದ ನಿರ್ಗುಂದ ನಾಡಿನ ಮುಖ್ಯ ನೆಲೆಯೆಂದು ರೈಸ್ ಗುರುತಿಸಿದರು. ಆ ನಾಡಿನ ಅರಸು ಮನೆತನವು ಕ್ರಿ.ಶ. 776ರ ದೇವರಹಳ್ಳಿ ತಾಮ್ರಪಟಗಳಲ್ಲಿ ಕಾಣಿಸಿಕೊಳ್ಳುತ್ತದೆ. ಗಂಗ ಶ್ರೀಪುರುಷನ ಐವತ್ತನೆಯ ಆಳ್ವಿಕೆಯ ವರ್ಷದ ಈ ಶಾಸನ, ಶ್ರೀಪುರದ ಉತ್ತರಕ್ಕೆ ಇದ್ದ ‘ಲೋಕತಿಲಕ’ವೆಂಬ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ದಾಖಲಿಸುತ್ತದೆ. ಜಿನಾಲಯವನ್ನು ಕಟ್ಟಿಸಿದವಳು ಕುಂದಾಚ್ಚಿ. ದತ್ತಿಗಾಗಿ ಬಿನ್ನವಿಸಿದವನು ಅವಳ ಪತಿ, ಪೃಥುವೀ ನಿರ್ಗುಂದರಾಜನೆಂಬ ಬಿರುದಿನ ಪರಮಗೂಳ. ಕೊಟ್ಟವನು ದೊರೆ.

ಕಟ್ಟಿಸಿದವಳ ಕ್ರಿಯೆ ಶಾಸನದ ಕೇಂದ್ರದಲ್ಲಿದ್ದರೂ ಅವಳ ಮಾತು ಶಾಸನದಲ್ಲಿಲ್ಲ. ಅವಳ ಪರಿಚಯ ತವರಿನ ಹಿರಿಯರ ಮೂಲಕ, ಪತಿಯ ಮೂಲಕ ಬರುತ್ತದೆ. ಇದನ್ನು ಅವಳ ಮೌನವೆನ್ನುವುದು ಸರಿಯಲ್ಲ. ಬಿನ್ನಹ, ದತ್ತಿ, ಸಾಕ್ಷಿ, ಶಾಪಾಶಯ ಎಂಬ ಶಾಸನದ ಚೌಕಟ್ಟಿನಲ್ಲಿ ಅವಳ ಮಾತಿಗೆ ಸ್ಥಾನವಿರಲಿಲ್ಲ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ನಾಣ್ನುಡಿಯನ್ನು ಇಂಥ ಎಡೆಯಲ್ಲಿ ಅನ್ವಯಿಸಿದರೆ, ಅಂದಿನ ವ್ಯವಸ್ಥೆಗೆ ಅವಳ ಪೂರ್ಣ ಒಪ್ಪಿಗೆಯಿತ್ತೆಂದು ಹೇಳಿದಂತಾಗುತ್ತದೆ. ವಿರೋಧವಿತ್ತೆಂದು ಹೇಳಿದರೂ ಅದು ಕಲ್ಪನೆಯೇ. ತಿಳಿದಿರುವುದಿಷ್ಟು: 8ನೆಯ ಶತಮಾನದಲ್ಲಿ ಒಬ್ಬ ಹೆಣ್ಣುಮಗಳು ಒಂದು ಜಿನಾಲಯವನ್ನು ಕಟ್ಟಿಸಿದಳು, ಅದರ ಹೆಸರನ್ನೂ ಅವಳ ಹೆಸರನ್ನೂ ತಾಮ್ರ ಉಳಿಸಿತು. ಹೇಳಲಾಗದ್ದನ್ನು ‘ಇದೆ’ ಎಂದಾಗಲಿ ‘ಇಲ್ಲ’ ಎಂದಾಗಲಿ ತೀರ್ಮಾನಿಸದೆ ‘ಅವಕ್ತವ್ಯ’ವೆಂದು ಗುರುತಿಸುವ ಬಗೆಯೊಂದು ಸಪ್ತಭಂಗಿಯಲ್ಲಿದೆ. ಸ್ಯಾದ್ವಾದದಲ್ಲಿ ಅದಕ್ಕೆ ತನ್ನದೇ ತಾತ್ತ್ವಿಕ ಅರ್ಥವಿದ್ದರೂ, ಇತಿಹಾಸ ಬರೆಯುವವನಿಗೆ ಅದರಿಂದ ಕಲಿಯುವ ಶಿಸ್ತು ಇದೆ.

ಕಹಳೆಯ ಮನೆಯ ನಿಶ್ಶಬ್ದ

ಸಾವಿರ ವರ್ಷಗಳ ನಂತರದ ಚಿತ್ರದುರ್ಗದ ಕೋಟೆಯಲ್ಲಿ ಇನ್ನೂ ಎರಡು ಬಗೆಯ ನಿಶ್ಶಬ್ದಗಳು ಎದುರಾಗುತ್ತವೆ. ಮೊದಲನೆಯದು ಒನಕೆ ಓಬವ್ವನ ಐತಿಹ್ಯ. ಹೈದರಾಲಿಯ ಮುತ್ತಿಗೆಯ ಸಮಯದಲ್ಲಿ ಕಾವಲಿನ ಮುದ್ದಹನುಮ ಊಟಕ್ಕೆ ಬಂದಿದ್ದಾಗ, ನೀರು ತರಲು ಹೋದ ಅವನ ಹೆಂಡತಿ ಬಂಡೆಯ ಕಿಂಡಿಯಲ್ಲಿ ಶತ್ರುಗಳು ನುಸುಳುತ್ತಿರುವುದನ್ನು ಕಂಡಳು. ಗಂಡನನ್ನು ಕೂಗಿ ಕರೆಯಲಿಲ್ಲ. ಒನಕೆ ತಂದು, ತಲೆ ಹೊರಹಾಕಿದ ಒಬ್ಬೊಬ್ಬನನ್ನೇ ಬಡಿದು, ಹೆಣವನ್ನು ಪಕ್ಕಕ್ಕೆ ಎಳೆದಳು. ಹಿಂದೆ ಬರುವವನಿಗೆ ಮುಂದಿನವನ ಗತಿ ತಿಳಿಯದಂತೆ ಸದ್ದಡಗಿಸಿದುದೇ ಅವಳ ಯುಕ್ತಿ. ಮುದ್ದಹನುಮನು ಕಹಳೆಯವನೆಂದು ಐತಿಹ್ಯ ಹೇಳುತ್ತದೆ. ಸದ್ದು ಮಾಡುವುದೇ ಕಾಯಕವಾದ ಮನೆಯಿಂದ ಬಂದವಳು ಕೋಟೆಯನ್ನು ನಿಶ್ಶಬ್ದದಿಂದ ಕಾದಳು. ಕಹಳೆ ಆಮೇಲೆ ಮೊಳಗಿತು. ಅವಳ ಈ ನಿಶ್ಶಬ್ದ ಕರ್ತವ್ಯದ್ದು, ಕ್ರಿಯೆಯೇ ತುಂಬಿದ್ದು. ಬರೆದಿಟ್ಟ ದಾಖಲೆಗಿಂತ ಹೆಚ್ಚಾಗಿ ಜನರ ನಾಲಗೆ, ಮುಂದೆ 1972ರ ‘ನಾಗರಹಾವು’ ಚಲನಚಿತ್ರ ಈ ಕಥೆಯನ್ನು ನಾಡಿನ ಮನೆಮನೆಗೆ ಮುಟ್ಟಿಸಿದವು.

ಎರಡನೆಯದು 1779ರ ನಂತರದ್ದು. ಕೋಟೆ ಹೈದರನ ವಶವಾಯಿತು. ಮದಕರಿ ನಾಯಕನನ್ನು ಕುಟುಂಬದೊಡನೆ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಇಪ್ಪತ್ತು ಸಾವಿರ ಬೇಡ ಜನರನ್ನೂ ಅಲ್ಲಿಗೆ ಸಾಗಿಸಲಾಯಿತೆಂದು ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಏಳುಸುತ್ತಿನ ಕೋಟೆ, ಹೊಂಡಗಳು, ಕಣಜಗಳು ಉಳಿದವು. ಅವುಗಳನ್ನು ಬಳಸುತ್ತಿದ್ದ ಜನರ ದನಿ ಅಲ್ಲಿಂದ ಕಿತ್ತುಹೋಯಿತು. ಇಂದು ಕೋಟೆಯ ಮೇಲೆ ನಿಂತ ಪ್ರವಾಸಿಗನಿಗೆ ಪ್ರಶಾಂತವೆನಿಸುವ ಸ್ತಬ್ಧತೆಯ ಹಿಂದೆ ಆ ವರ್ಷದ ಹಿಂಸೆ ಇದೆ. ಬಸದಿಯ ಹೊಸ್ತಿಲಿನ ‘ನಿಸ್ಸಹಿ’ಯಲ್ಲಿ ಹುಟ್ಟುವ ಶಾಂತಿಗೂ ತೆರವಾದ ಕೇರಿಯ ಶಾಂತಿಗೂ ಹೊರಗಿನಿಂದ ಸಾಮ್ಯ ಕಾಣಬಹುದು. ಮೊದಲನೆಯದನ್ನು ಒಬ್ಬನು ತಾನೇ ಕೈಗೊಳ್ಳುತ್ತಾನೆ. ಎರಡನೆಯದನ್ನು ಇನ್ನೊಬ್ಬನು ಹೇರುತ್ತಾನೆ. ಎರಡಕ್ಕೂ ಒಂದೇ ವಿಶೇಷಣ ಬಳಸುವ ಬರೆಹ ಸಂತ್ರಸ್ತರಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತದೆ.

ನಿಂತ ನೀರು

‘ನಿಂತ ನೀರು’ ಎಂಬುದು ಇಂದಿನ ಬರೆಹಗಳಲ್ಲಿ ಜಡತೆಯ ರೂಪಕ. ಮಳೆ ಕಡಿಮೆಯಾದ ದುರ್ಗಸೀಮೆಯಲ್ಲಿ ಅದು ಬದುಕಿನ ಆಧಾರ. ಹೊಳಲ್ಕೆರೆಯ ಹೆಸರಿನಲ್ಲಿ ಪಟ್ಟಣವೆಂಬ ಅರ್ಥದ ಹಳೆಯ ‘ಪೊೞಲ್’ ಮತ್ತು ‘ಕೆರೆ’ ಕೂಡಿವೆ. ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇರುವ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಹೆಸರಿಗೆ ಹಿರಿದಾದ ಕೆರೆ ಎಂದೇ ಅರ್ಥ. ಹರಿದುಹೋಗುವ ನೀರನ್ನು ನಿಲ್ಲಿಸಿದವನನ್ನು ಊರ ಹೆಸರುಗಳಲ್ಲಿ, ಮಯೂರಶರ್ಮನ ಬಂಡೆಯಲ್ಲಿ ಈ ಸೀಮೆ ನೆನೆಯುತ್ತದೆ.

ಈ ಪರಂಪರೆಯ ದೊಡ್ಡ ಮಾದರಿ ಹಿರಿಯೂರಿನ ವಾಣಿವಿಲಾಸ ಸಾಗರ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಕಟ್ಟೆ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು. ಪೂರ್ಣಮಟ್ಟ 130 ಅಡಿ. ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ, ಕಾಯಬೇಕಾಯಿತು. ತಲೆಮಾರುಗಳು ಕೋಡಿಯ ಸದ್ದನ್ನು ಹಿರಿಯರ ಬಾಯಲ್ಲಿ ಮಾತ್ರ ಕೇಳಿದವು. 2025ರ ಜನವರಿಯಲ್ಲಿ ಅದು ಇನ್ನೊಮ್ಮೆ ತುಂಬಿ ಹರಿಯಿತು. ಆ 89 ವರ್ಷಗಳ ಕಾಲ ಕೋಡಿ ಸುಮ್ಮನಿದ್ದುದನ್ನು ಜಲಾಶಯ ಸತ್ತಿತೆಂದು ಯಾರೂ ಓದಲಿಲ್ಲ. ಅದರ ನೀರಿನಲ್ಲಿಯೇ ಹಿರಿಯೂರಿನ ತೋಟಗಳು ಬದುಕಿದವು. ಸದ್ದು ಮತ್ತು ಇರವು ಒಂದೇ ಅಲ್ಲವೆಂಬುದನ್ನು ರೈತನು ಪಂಡಿತನಿಗಿಂತ ಚೆನ್ನಾಗಿ ಬಲ್ಲ.

ಉಪಸಂಹಾರ

ಮೇಲಿನ ಸಾಕ್ಷ್ಯಗಳಿಂದ ನಿಶ್ಶಬ್ದದ ಹಲವು ಬಗೆಗಳು ತಿಳಿದುಬರುತ್ತವೆ: ಮುನಿಯದು ವ್ರತ, ಅಕ್ಷರಗುಂಡಿನದು ಓದುಗನ ಅಭಾವ, ಚಂದ್ರವಳ್ಳಿಯದು ಸವಕಳಿ, ಕುಂದಾಚ್ಚಿಯದು ಪದ್ಧತಿಯ ಕಟ್ಟು, ಓಬವ್ವನದು ಕಾರ್ಯಯುಕ್ತಿ, 1779ರ ದುರ್ಗದ್ದು ಬಲಾತ್ಕಾರ, ವಾಣಿವಿಲಾಸದ್ದು ಕೂಡಿಟ್ಟ ಶಕ್ತಿ. ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ‘ಮೌನ’ವೆಂಬ ಶಬ್ದ ಅದರ ಪೂರ್ಣಾರ್ಥದಲ್ಲಿ ಸಲ್ಲುತ್ತದೆ.

ಆದ್ದರಿಂದ ‘ಶಾಸನಗಳು ಮೌನ ವಹಿಸಿವೆ’ ಎಂಬ ವಾಕ್ಯದ ಜಾಗದಲ್ಲಿ ‘ಅಕ್ಷರ ಸವೆದಿದೆ’, ‘ಈ ಜನರಿಂದ ಬರೆದ ದಾಖಲೆ ಉಳಿದಿಲ್ಲ’, ‘ಶಾಸನದ ಪದ್ಧತಿಯಲ್ಲಿ ಇವರ ಮಾತಿಗೆ ಎಡೆಯಿಲ್ಲ’ ಎಂದು ನಿರ್ದಿಷ್ಟವಾಗಿ ಬರೆಯುವುದು ಯುವ ಸಂಶೋಧಕರಿಗೆ ಹಿತ. ವಾಕ್ಯ ತುಸು ಉದ್ದವಾಗಬಹುದು. ಆದರೆ ಮುಂದೆ ಬರುವವನಿಗೆ ಯಾವುದನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂಬ ದಾರಿ ತೆರೆದಿರುತ್ತದೆ. ಅಕ್ಷರಗುಂಡೆಂದು ಹೆಸರಿಟ್ಟ ಹಳ್ಳಿಗರು ಮಾಡಿದ್ದೂ ಅದನ್ನೇ. ಓದಲು ಬಾರದಿದ್ದರೂ ಅಲ್ಲಿ ಅಕ್ಷರವಿದೆಯೆಂಬ ಮಾತನ್ನು ಅವರು ಮುಂದಿನವರಿಗಾಗಿ ಉಳಿಸಿದರು.